ಪಿಳ್ಳಮ್ಮ ಕೊಟ್ಟ ಹುಳದ ತಟ್ಟೆ

ಝಣ್, ಝಣ್, ಝಣ್. ಬಾಗಿಲ ಹೊರಗೆ ನೇತಾಡುವ ಕಬ್ಬಿಣದ ಚಿಲಕವನ್ನು ಮೂರೇ ಮೂರು ಸಲ ಮರಕ್ಕೆ ಬಡಿದ ಸದ್ದು. ಅದರ ಹಿಂದೆಯೇ ಒಂದು ಗಂಟಲು: "ಏನ್ರಮ್ಮಾ, ಎದ್ರಾ? ಎಲ್ಲಾರೂ ಇದೀರಾ?"

ಒಳಗಿನಿಂದ "ಇದೀವಿ" ಅನ್ನುವ ತನಕ ಆ ಗಂಟಲು ಮುಂದಿನ ಮನೆಗೆ ಹೋಗುತ್ತಿರಲಿಲ್ಲ. ಉತ್ತರ ತಡವಾದರೆ ಮತ್ತೆ ಮೂರು ಸಲ ಝಣ್. ಅದಕ್ಕೂ ಉತ್ತರವಿಲ್ಲದಿದ್ದರೆ ಬಾಗಿಲು ತಳ್ಳಿಕೊಂಡು ಒಳಗೇ ಬಂದುಬಿಡುತ್ತಿದ್ದರು. ಸ್ನಾನ ಮಾಡುತ್ತಿದ್ದವರು, ಜಪಕ್ಕೆ ಕೂತವರು, ಗಂಡನ ಜೊತೆ ಜಗಳದ ಮಧ್ಯದಲ್ಲಿದ್ದವರು, ಎಲ್ಲರೂ ಮಾಡುತ್ತಿದ್ದುದನ್ನು ಬಿಟ್ಟು ಮೊದಲು "ಇದೀವಿ ಪಿಳ್ಳಮ್ಮಾ" ಎಂದು ಕೂಗಿ ಆಮೇಲೆ ಮುಂದುವರಿಸುವುದು ನಮ್ಮ ಬೀದಿಯ ಪದ್ಧತಿ.

ಐವತ್ತರ ದಶಕದ ಕೊನೆಗೆ ಅಪ್ಪನಿಗೆ ಶಿಡ್ಲಘಟ್ಟದ ತಾಲ್ಲೂಕು ಕಚೇರಿಗೆ ಶಿರಸ್ತೇದಾರರಾಗಿ ವರ್ಗವಾಯಿತು. ನಾನು ಬೆಂಗಳೂರಿನ ಕಾನ್ವೆಂಟಿನ ಬೋರ್ಡಿಂಗಿನಲ್ಲಿದ್ದವಳು, ರಜೆಗೆ ಮಾತ್ರ ಬರುತ್ತಿದ್ದೆ. ಬೋರ್ಡಿಂಗಿನಲ್ಲಿ ನಮ್ಮನ್ನು ಎಬ್ಬಿಸಲು ಒಬ್ಬ ಸಿಸ್ಟರ್ ಸಣ್ಣ ಹಿತ್ತಾಳೆ ಗಂಟೆ ಹಿಡಿದು, ನೆಲಕ್ಕೇ ನೋವಾಗಬಾರದು ಎನ್ನುವಂತೆ ಬರುತ್ತಿದ್ದರು. ಇಲ್ಲಿ ಈ ಚಿಲಕ. ಮೊದಲ ಬೆಳಿಗ್ಗೆ ನಾನು ಹಾಸಿಗೆಯಲ್ಲಿ ಎದ್ದು ಕೂತು, "ಅಮ್ಮಾ, ವಾಟ್ ಈಸ್ ದಟ್ ಡ್ರೆಡ್‌ಫುಲ್ ನಾಯ್ಸ್?" ಅಂದೆ.

ಅಮ್ಮ ಒಲೆ ಊದುತ್ತಲೇ, "ಪಿಳ್ಳಮ್ಮ ಕಣೇ. ಇದೀವಿ ಅನ್ನು, ಹೋಗ್ತಾರೆ" ಅಂದಳು.

ಪಿಳ್ಳಮ್ಮನಿಗೆ ಆಗ ಐವತ್ತೈದರ ಆಸುಪಾಸು. ಹೆಸರಿಗೆ ಪಿಳ್ಳಮ್ಮ, ಅಂದರೆ ಪುಟ್ಟಮ್ಮ, ಆಳು ಮಾತ್ರ ಬಾಗಿಲಲ್ಲಿ ತಲೆ ತಗ್ಗಿಸಿ ಬರುವಷ್ಟು ಎತ್ತರ. ಎಡಗಿವಿಯಲ್ಲಿ ಕೆಂಪು ಕಲ್ಲಿನ ಓಲೆ, ಬಲಗಿವಿ ಬರಿದು. ಬಲಗಿವಿಯದು ಯಾವಾಗಲೋ ಹುಳದ ಕಸದ ಜೊತೆ ತಿಪ್ಪೆ ಸೇರಿತ್ತಂತೆ. "ಇರೋದನ್ನ ಯಾಕೆ ಬಿಚ್ಚಲಿ? ಅದು ಸಿಕ್ಕಿದ್ ದಿನ ಜೊತೆ ಆಗ್ತದೆ" ಅನ್ನುತ್ತಿದ್ದರು. ಗಂಡ ಹೋಗಿ ಎಷ್ಟೋ ವರ್ಷ. ಊರಾಚೆ ಎರಡು ಎಕರೆ ಹಿಪ್ಪುನೇರಳೆ ತೋಟ, ಬೀದಿಯ ತುದಿಯಲ್ಲಿ ಉದ್ದನೆಯ ಮನೆ. ಆ ಮನೆಯ ಮುಂದಿನ ಅರ್ಧದಲ್ಲಿ ಪಿಳ್ಳಮ್ಮ, ಹಿಂದಿನ ಅರ್ಧದಲ್ಲಿ ರೇಷ್ಮೆ ಹುಳ. ಯಾರದು ದೊಡ್ಡ ಸಂಸಾರ ಎಂದು ಹೇಳಬೇಕಾಗಿಲ್ಲ.

ಹುಳದ ಮನೆಗೆ ಹೋಗಬೇಕಾದರೆ ಯಾರೇ ಆಗಲಿ ಕೈಕಾಲು ತೊಳೆದು, ಬಾಯಿ ಮುಕ್ಕಳಿಸಿ, ಪಿಳ್ಳಮ್ಮನ ಮೂಗಿನ ಪರೀಕ್ಷೆಯಲ್ಲಿ ಪಾಸಾಗಬೇಕು. ಪೌಡರು, ಸೆಂಟು, ಬೀಡಿ, ಒಗ್ಗರಣೆ, ಎಲ್ಲವನ್ನೂ ಹತ್ತು ಅಡಿ ದೂರದಿಂದ ಹಿಡಿಯುತ್ತಿದ್ದರು. ಒಂದು ಸಲ ಅಮಲ್ದಾರರ ಹೆಂಡತಿಯನ್ನೇ "ಸೆಂಟು ಹಾಕ್ಕೊಂಡ್ ಬಂದಿದೀರಿ, ವಾಪಸ್ ಹೋಗಿ ತಾಯೀ, ನನ್ನ ಮಕ್ಕಳು ಸಾಯ್ತವೆ" ಎಂದು ಹೊಸ್ತಿಲಿಂದಲೇ ಕಳಿಸಿದ್ದರು. ತಮಾಷೆ ಎಂದರೆ ಸ್ವತಃ ಪಿಳ್ಳಮ್ಮನಿಗೆ ನಶ್ಯದ ಚಟ. ಡಬ್ಬಿಯನ್ನು ಬೀದಿ ಕಡೆಯ ಗೋಡೆಯ ಪೊಟರೆಯಲ್ಲಿ ಇಟ್ಟು, ತಡೆಯಲಾಗದಾಗ ಹೊರಗೋಡಿ ಬಂದು ಒಂದು ಚಿಟಿಕೆ ಏರಿಸಿ, ನಾಲ್ಕು ಸೀನು ಸೀನಿ, ಮುಖ ತೊಳೆದು ಒಳಗೆ ಹೋಗುತ್ತಿದ್ದರು.

ಇದಿಷ್ಟೇ ಆಗಿದ್ದರೆ ಅವರೊಬ್ಬ ಇಂಟರೆಸ್ಟಿಂಗ್ ಮುದುಕಿಯಾಗಿ ಮಾತ್ರ ನನ್ನ ನೆನಪಿನಲ್ಲಿ ಉಳಿಯುತ್ತಿದ್ದರು. ಅವರಿಗೆ ಇನ್ನೊಂದು ಕೆಲಸವಿತ್ತು. ಅದಕ್ಕೆ ಆಗ ಹೆಸರಿರಲಿಲ್ಲ. ಬೀದಿಯಲ್ಲಿ ಯಾರಿಗೆ ಬದುಕು ಸಾಕೆನ್ನಿಸಿದೆ ಎಂದು ಅವರಿಗೆ ಹೇಗೋ ಗೊತ್ತಾಗುತ್ತಿತ್ತು. ಗೊತ್ತಾದ ಮೇಲೆ ಅವರು ಹೋಗಿ ಕೇಳುತ್ತಿದ್ದರು. ಸುತ್ತಿ ಬಳಸಿ ಅಲ್ಲ, ನೇರವಾಗಿ.

ಟೈಲರ್ ನಾರಾಯಣಪ್ಪನ ಹೆಂಡತಿ ತೀರಿಕೊಂಡಾಗ ನಾನು ರಜೆಗೆ ಬಂದಿದ್ದೆ. ತಿಥಿ ಮುಗಿದ ಮೇಲೂ ಹೊಲಿಗೆ ಮಿಷನ್ನಿನ ಸದ್ದು ಕೇಳಲಿಲ್ಲ. ಹೊಲಿಯಲು ಕೊಟ್ಟಿದ್ದ ಬಟ್ಟೆಗಳನ್ನೆಲ್ಲ ನಾರಾಯಣಪ್ಪ ಕತ್ತರಿಯನ್ನೂ ತಾಗಿಸದೆ ಮಡಿಸಿ ಆಯಾ ಮನೆಗೆ ವಾಪಸ್ ಕೊಟ್ಟು ಬಂದ. ಬೇರೆಯವರು "ಪಾಪ, ಬೇಜಾರು" ಅಂದರು. ಪಿಳ್ಳಮ್ಮ ಸೀದಾ ಅವನ ಜಗಲಿಗೆ ಹೋಗಿ ಕೂತು, ಹಗಲು ಹನ್ನೊಂದು ಗಂಟೆಗೆ, ಬೀದಿಗೆಲ್ಲ ಕೇಳುವ ಹಾಗೆ, "ನಾರಾಯಣಪ್ಪಾ, ಸಾಯ್ಬೇಕು ಅನ್ನಿಸ್ತಾ ಇದೆಯೇನಪ್ಪಾ?" ಅಂದರು.

ಎದುರಿನ ನಮ್ಮ ಮನೆಯಿಂದ ನೋಡುತ್ತಿದ್ದ ಅಮ್ಮ, "ಅಯ್ಯೋ ಶಿವನೇ, ಅಂಥ ಮಾತು ಬಾಯಲ್ಲಿ ಆಡಬಾರದು, ಇಲ್ಲದ ಯೋಚನೆ ತಲೆಗೆ ಬರುತ್ತೆ" ಎಂದು ಗಲ್ಲ ಬಡಿದುಕೊಂಡಳು. ಆದರೆ ನಾರಾಯಣಪ್ಪ ಹಾಗೇ ಕುಸಿದು, ಹದಿಮೂರು ದಿನದಿಂದ ಅಳದವನು ಗೊಳೋ ಎಂದು ಅತ್ತ. ಪಿಳ್ಳಮ್ಮ ಅವನ ಬೆನ್ನ ಮೇಲೆ ಕೈಯಿಟ್ಟು ಸುಮ್ಮನೆ ಕೂತರು. ಅಳು ನಿಂತ ಮೇಲೆ ಮನೆಗೆ ಹೋಗಿ, ಒಂದು ಬಿದಿರಿನ ತಟ್ಟೆಯ ತುಂಬ ಮರಿಹುಳ ತಂದು ಅವನ ಮುಂದಿಟ್ಟರು.

"ಇದೇನು?"

"ಹುಳ. ದಿನಕ್ಕೆ ನಾಕು ಸಲ ಸೊಪ್ಪು ಹಾಕು. ಕಸ ತೆಗಿ. ಇರುವೆ ಬರ್ದಂಗೆ ನೋಡ್ಕೋ."

"ನಾನು ಬಟ್ಟೆ ಹೊಲಿಯೋನು ಪಿಳ್ಳಮ್ಮಾ, ಹುಳ ಸಾಕೋನಲ್ಲ!"

"ನನಗೆ ಜಾಗ ಸಾಲ್ತಾ ಇಲ್ಲ. ನೀನು ನೋಡ್ಕೊಳ್ದಿದ್ರೆ ಹಸ್ಕೊಂಡು ಸಾಯ್ತವೆ. ನಿನ್ನಿಷ್ಟ" ಎಂದು ಎದ್ದು ಹೋದರು.

ಹೋದರು ಎಂದರೆ, ಹಾಗೇ ಬಿಟ್ಟು ಹೋದರು ಎಂದಲ್ಲ. ಅವತ್ತಿನಿಂದ ಯಾರ ಮನೆಯಿಂದ ಯಾವ ಹೊತ್ತಿನ ಊಟ, ಯಾರು ಬೆಳಿಗ್ಗೆ ಅವನ ಜೊತೆ ಕೂರಬೇಕು, ಯಾರು ಸಂಜೆ ಚೌಕಾಬಾರ ಆಡಲು ಕರೆಯಬೇಕು, ರಾತ್ರಿ ಜಗಲಿಯಲ್ಲಿ ಯಾರು ಮಲಗಬೇಕು ಎಂದು ಬೀದಿಗೆಲ್ಲ ಡ್ಯೂಟಿ ಹಂಚಿದರು. ಹುಳ ಬೆಳೆಯುವ ಇಪ್ಪತ್ತು ದಿನವೂ ನಾರಾಯಣಪ್ಪ ಗೊಣಗಿದ. ಗೊಣಗುತ್ತಲೇ ತನ್ನ ಟೇಪಿನಲ್ಲಿ ಹುಳದ ಉದ್ದ ಅಳೆಯತೊಡಗಿದ. "ನೆನ್ನೆ ಒಂದೂಕಾಲು ಇಂಚು ಇತ್ತು ಪಿಳ್ಳಮ್ಮಾ, ಇವತ್ತು ಒಂದೂವರೆ!" ಕೊನೆಗೆ ತಟ್ಟೆಯ ಮೇಲೆ ಮುಚ್ಚಲು ಒಂದು ತೆಳು ಬಟ್ಟೆ ಹೊಲಿದು, ಅದಕ್ಕೆ ನಾಲ್ಕೂ ಕಡೆ ಫ್ರಿಲ್ ಇಟ್ಟ. ಹುಳಕ್ಕೆ ಫ್ರಿಲ್!

ತಟ್ಟೆಯೊಂದೇ ಅವರ ಮದ್ದಲ್ಲ. ಯಾರಿಗೆ ಯಾರು ಬೇಕು ಎಂಬುದು ಅವರಿಗೆ ಅಂಗೈ ಗೆರೆಯಷ್ಟು ಗೊತ್ತಿತ್ತು. ಮಗು ಕಳಕೊಂಡ ಹೆಂಗಸನ್ನು ಪಕ್ಕದ ಬಷೀರ್ ಸಾಹೇಬರ ಹೆಂಡತಿಯ ಜೊತೆ ಮಾಡಿ ಮುರುಗಮಲ್ಲದ ದರ್ಗಾಕ್ಕೆ ಕಳಿಸಿ, ಅಲ್ಲಿ ಎರಡು ದಿನ ಕೂತು ಅತ್ತು ಬರಲು ಬಿಡುತ್ತಿದ್ದರು. ಗಂಡನ ಮನೆಯಿಂದ ಹೊರಬಿದ್ದವಳಿಗೆ ಬಷೀರ್ ಸಾಹೇಬರ ನೂಲು ತೆಗೆಯುವ ಶೆಡ್ಡಿನಲ್ಲಿ ಕೆಲಸ ಕೊಡಿಸುತ್ತಿದ್ದರು. ಪೋಸ್ಟ್‌ಮ್ಯಾನ್ ಯಾರದಾದರೂ ಮನೆಗೆ ಕೆಟ್ಟ ಕಾಗದ ಕೊಟ್ಟರೆ ಮುಂದಿನ ನಿಲುಗಡೆ ಪಿಳ್ಳಮ್ಮನ ಜಗಲಿಯೇ. ಇವೆಲ್ಲಕ್ಕೂ ಮೀರಿದ್ದಾದರೆ ಚಿಕ್ಕಬಳ್ಳಾಪುರದ ಬಸ್ಸು ಹತ್ತಿಸಿ, ಆಸ್ಪತ್ರೆಯ ಲೇಡಿ ಡಾಕ್ಟರ ಮುಂದೆ ತಾವೇ ಕರೆದೊಯ್ದು ಕೂರಿಸುತ್ತಿದ್ದರು. "ಹಲ್ಲು ನೋವಿಗೆ ನಾಚ್ಕೊಳ್ದೆ ಹೋಗ್ತೀರಿ, ಇದಕ್ಕೇನು?" ಅನ್ನುತ್ತಿದ್ದರು.

ಎಲ್ಲರೂ ಉಳಿಯಲಿಲ್ಲ. ಅದನ್ನು ಬರೆಯದೆ ಹೋದರೆ ಸುಳ್ಳಾಗುತ್ತದೆ. ಒಂದು ಸಲ ಅವರು ಮದುವೆಗೆಂದು ಪೆರೇಸಂದ್ರಕ್ಕೆ ಹೋಗಿದ್ದ ವಾರ, ಮೇಲಿನ ಬೀದಿಯ ಒಬ್ಬ ಯುವಕ ಹೋಗಿಬಿಟ್ಟ. ಬಂದ ಮೇಲೆ ಎರಡು ಬೆಳಿಗ್ಗೆ ಬೀದಿಯಲ್ಲಿ ಚಿಲಕದ ಸದ್ದಿರಲಿಲ್ಲ. ಮೂರನೆಯ ಬೆಳಿಗ್ಗೆ ಮತ್ತೆ ಶುರುವಾಯಿತು. ಅವತ್ತಿನಿಂದ ಮೇಲಿನ ಬೀದಿಯೂ ಅವರ ಸುತ್ತಿಗೆ ಸೇರಿತು.

ಇನ್ನು ನನ್ನ ವಿಷಯ.

ನಾನು ಸೀನಿಯರ್ ಕೇಂಬ್ರಿಜ್ ಪರೀಕ್ಷೆಗೆ ಕೂತಿದ್ದೆ. ರಿಸಲ್ಟ್ ಬರುವ ಮೊದಲೇ ಅಪ್ಪ ನನ್ನನ್ನು ಡಾಕ್ಟರ್ ಮಾಡಿಬಿಟ್ಟಿದ್ದರು. ಕಚೇರಿಯಲ್ಲಿ, ಕ್ಷೌರದಂಗಡಿಯಲ್ಲಿ, ರೇಷ್ಮೆ ಗೂಡಿನ ಮಾರ್ಕೆಟ್ಟಿನಲ್ಲಿ, ಎಲ್ಲೆಲ್ಲೂ "ನಮ್ಮ ಲಲಿತಾ ಇಲ್ಲೇ ಡಿಸ್ಪೆನ್ಸರಿ ತೆಗೀತಾಳೆ" ಎಂದು ಹೇಳಿ, ಬೋರ್ಡು ಯಾವ ಬಣ್ಣದ್ದಿರಬೇಕೆಂದೂ ನಿಶ್ಚಯಿಸಿದ್ದರು. ಬೇಸಿಗೆಯ ಶುರುವಿನಲ್ಲಿ ಕಾನ್ವೆಂಟಿನಿಂದ ಕಾಗದ ಬಂತು. ಮ್ಯಾಥಮ್ಯಾಟಿಕ್ಸಿನಲ್ಲಿ ಫೇಲು. ಅಪ್ಪ ಅದನ್ನು ಎರಡು ಸಲ ಓದಿ, ಮಡಿಸಿ, ಇಂಕಿನ ಬಾಟ್ಲಿಯ ಕೆಳಗಿಟ್ಟು ಕಚೇರಿಗೆ ಹೊರಟುಹೋದರು. ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟರು. ಬೈಯಲಿಲ್ಲ, ಹೊಡೆಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಊಟಕ್ಕೆ ಕೂತರೆ ಅಮ್ಮನಿಗೆ, "ಅವಳಿಗೆ ಸಾರು ಬೇಕಾ ಕೇಳು" ಅನ್ನುತ್ತಿದ್ದರು. ನಾನು ಮೂರಡಿ ದೂರದಲ್ಲಿ ಕೂತಿರುತ್ತಿದ್ದೆ.

ಆಮೇಲಿನ ಹದಿನೈದು ದಿನದ ಬಗ್ಗೆ ಹೆಚ್ಚು ಬರೆಯಲಾರೆ. ನಾನಿಲ್ಲದಿದ್ದರೆ ಈ ಮನೆಯಲ್ಲಿ ಮತ್ತೆ ಮಾತು ಶುರುವಾಗುತ್ತದೆ ಎಂದು ನನಗೆ ಬಹಳ ಲಾಜಿಕಲ್ ಆಗಿ ಅನ್ನಿಸತೊಡಗಿತ್ತು. ಈಗ ಗೊತ್ತು, ಅದು ಲಾಜಿಕ್ ಅಲ್ಲ, ಸುಸ್ತು. ಹದಿನಾರು ವರ್ಷಕ್ಕೆ ಎರಡಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಒಂದು ಮಧ್ಯಾಹ್ನ ನನ್ನ ಫೌಂಟನ್ ಪೆನ್ನು, ನೀಲಿ ಸ್ಯಾಟಿನ್ ರಿಬ್ಬನ್ನುಗಳು, ಕತೆ ಪುಸ್ತಕಗಳು, ಎಲ್ಲವನ್ನೂ ಬಷೀರ್ ಸಾಹೇಬರ ಮಗಳು ಜಮೀಲಾಗೆ ಕೊಟ್ಟುಬಿಟ್ಟೆ. ಕೊಟ್ಟ ಮೇಲೆ ಮನಸ್ಸು ಹಗುರಾಯಿತು. ಅಮ್ಮನಿಗೂ ಹಾಗೇ ಕಂಡಿರಬೇಕು, "ಇವತ್ತು ಸ್ವಲ್ಪ ಗೆಲುವಾಗಿದೀಯಾ" ಅಂದಳು.

ಜಮೀಲಾ ಖುಷಿಯಿಂದ ಮರುದಿನ ಬೆಳಿಗ್ಗೆ ಆ ಪೆನ್ನನ್ನು ಪಿಳ್ಳಮ್ಮನಿಗೆ ತೋರಿಸಿದ್ದಾಳೆ. ಅವರು ಉಳಿದ ಮನೆಗಳ ಚಿಲಕ ಬಡಿಯುವುದನ್ನು ಅಲ್ಲಿಗೇ ಬಿಟ್ಟು ಸೀದಾ ನಮ್ಮ ಅಡಿಗೆಮನೆಗೇ ನುಗ್ಗಿದರು.

"ಏನೇ ಕಾನ್ವೆಂಟಮ್ಮಾ, ಅಷ್ಟ್ ಚೆನ್ನಾಗಿರೋ ಪೆನ್ನು ಯಾಕೆ ಕೊಟ್ಬಿಟ್ಟೆ?"

"ನನಗೆ ಬೇಡ ಅನ್ನಿಸ್ತು."

"ಪೆನ್ನು ಬೇಡ ಅನ್ನಿಸ್ತೋ, ಬದುಕೋದೇ ಬೇಡ ಅನ್ನಿಸ್ತೋ?"

ಅಮ್ಮನ ಕೈಯಿಂದ ಸೌಟು ಬಿತ್ತು. "ಪಿಳ್ಳಮ್ಮಾ! ವಯಸ್ಸಿಗೆ ಬಂದ ಹುಡುಗಿಗೆ ಎಂಥ ಮಾತು ಕೇಳ್ತೀರಿ!"

"ನೀವು ಸುಮ್ಕಿರಮ್ಮಾ. ನಾನು ಅವಳನ್ನ ಕೇಳ್ತಾ ಇರೋದು."

ನಾನು ಕಾನ್ವೆಂಟು ಕಲಿಸಿದ ಡಿಗ್ನಿಟಿಯನ್ನೆಲ್ಲ ಒಟ್ಟುಗೂಡಿಸಿ, ಬೆನ್ನು ನೆಟ್ಟಗೆ ಮಾಡಿ, "ಐ ಆಮ್ ಪರ್ಫೆಕ್ಟ್‌ಲೀ ಆಲ್‌ರೈಟ್, ಥ್ಯಾಂಕ್ ಯೂ" ಅಂದೆ.

"ಅದೇನಿದ್ರೂ ಕನ್ನಡದಲ್ಲಿ ಹೇಳು. ಇಂಗ್ಲೀಷಲ್ಲಾದ್ರೆ ಸುಳ್ಳು ಸಲೀಸಾಗಿ ಬರ್ತದೆ."

ಕನ್ನಡದಲ್ಲಿ ಬಾಯಿ ತೆರೆದೆ. "ನಾನು ಚೆನ್ನಾಗಿ..." ಎಂದು ಶುರುಮಾಡಿದ್ದು ಮುಂದಕ್ಕೆ ಹೋಗಲಿಲ್ಲ. ತಲೆ ತಾನಾಗಿ ಹೌದೆಂದು ಆಡಿತು.

ಪಿಳ್ಳಮ್ಮ ಗಾಬರಿಯಾಗಲಿಲ್ಲ, ಬುದ್ಧಿ ಹೇಳಲಿಲ್ಲ, ತಂದೆತಾಯಿಯ ಋಣದ ಮಾತೆತ್ತಲಿಲ್ಲ. "ಸರಿ. ಹೇಳಿದ್ಯಲ್ಲ, ಒಳ್ಳೇದಾಯ್ತು. ಇನ್ಮೇಲೆ ಅದನ್ನ ನೀನೊಬ್ಳೇ ಹೊತ್ಕೊಂಡು ತಿರುಗೋ ಹಂಗಿಲ್ಲ" ಅಂದು, ಕೆಳಗೆ ಬಿದ್ದಿದ್ದ ಸೌಟನ್ನು ಎತ್ತಿ ಅಮ್ಮನ ಕೈಗೆ ಕೊಟ್ಟರು. ಅಮ್ಮ ಅದನ್ನು ಹಿಡಿದುಕೊಂಡೇ ಬಂದು ನನ್ನನ್ನು ತಬ್ಬಿಕೊಂಡಳು. ನನ್ನ ಬ್ಲೌಸಿನ ಬೆನ್ನಿಗೆ ಹುಳಿ ಮೆತ್ತಿಕೊಂಡಿತು.

ಅದೇ ದಿನ ನನ್ನ ವಿಷಯದಲ್ಲೂ ಡ್ಯೂಟಿ ಹಂಚಾಯಿತು. ಜಮೀಲಾ ಬೆಳಿಗ್ಗೆಯಿಂದ ರಾತ್ರಿಯ ತನಕ ನನ್ನ ಜೊತೆಗಿರಬೇಕು. ಅವಳು ಎಷ್ಟು ಶ್ರದ್ಧೆಯಿಂದ ಇದ್ದಳೆಂದರೆ, ನಾನು ಬಚ್ಚಲಿಗೆ ಹೋದರೆ ಬಾಗಿಲಾಚೆ ನಿಂತು, ಅಕ್ಕ ಎನ್ನುವ ತಮ್ಮ ಮನೆಯ ಮಾತಿನಲ್ಲಿ, "ಆಪಾ, ಇದೀರಾ?" ಎಂದು ಕೇಳುತ್ತಿದ್ದಳು. ಗುರುವಾರ ಪಿಳ್ಳಮ್ಮನ ಜೊತೆ ಚಿಕ್ಕಬಳ್ಳಾಪುರದ ಲೇಡಿ ಡಾಕ್ಟರ ಹತ್ತಿರ. ಅವರು ಟಾನಿಕ್ಕು ಬರೆದುಕೊಟ್ಟರು. ಅದಕ್ಕಿಂತ ಹೆಚ್ಚಾಗಿ, ಕೈಗಡಿಯಾರ ನೋಡದೆ ನನ್ನ ಮಾತು ಕೇಳಿ, ಮುಂದಿನ ಗುರುವಾರವೂ ಬಾ ಅಂದರು. ಇನ್ನು, ಹೇಳಬೇಕಾಗಿಯೇ ಇಲ್ಲ, ಒಂದು ತಟ್ಟೆ ಹುಳ.

ಮೊದಲ ದಿನ ನನಗೆ ಮುಟ್ಟಲೂ ಅಸಹ್ಯ. ಅಕ್ಕಿಕಾಳಿಗಿಂತ ತುಸು ಉದ್ದದ ಬೂದು ಬಣ್ಣದ ಹುಳಗಳು. ಪಿಳ್ಳಮ್ಮ ಸೊಪ್ಪು ಸಣ್ಣಗೆ ಹೆಚ್ಚುವುದನ್ನು ತೋರಿಸಿದರು. ಬಿಸಿಲು ಹೆಚ್ಚಾದ್ದರಿಂದ ಕಿಟಕಿಗೆ ಒದ್ದೆ ಗೋಣಿ ಕಟ್ಟಲು ಹೇಳಿದರು. ಎರಡನೆಯ ದಿನ ಅವು ಎಲೆಯ ಅಂಚನ್ನು ಕತ್ತರಿಸುತ್ತ ಹೋಗುವುದನ್ನು ನೋಡುತ್ತ ಕೂತೆ. ಮೂರನೆಯ ದಿನ ಅವುಗಳಲ್ಲೊಂದಕ್ಕೆ ನಮ್ಮ ಮದರ್ ಸುಪೀರಿಯರ್ ಹೆಸರಿಟ್ಟೆ. ತಿನ್ನುವ ಗಾಂಭೀರ್ಯ ಹಾಗೇ ಇತ್ತು.

ಐದನೆಯ ದಿನ ಮಧ್ಯಾಹ್ನ. ಜಮೀಲಾ ಊಟಕ್ಕೆ ಮನೆಗೆ ಹೋಗಿದ್ದಳು, ಅಮ್ಮ ಹಿತ್ತಲಲ್ಲಿದ್ದಳು. ಸೊಪ್ಪು ಹಾಕಲು ತಟ್ಟೆಯ ಬಟ್ಟೆ ಎತ್ತಿದೆ. ಒಂದು ಹುಳವೂ ಅಲುಗುತ್ತಿರಲಿಲ್ಲ. ಬೆಳಿಗ್ಗೆ ಹಾಕಿದ ಸೊಪ್ಪು ಹಾಗೇ ಬಾಡಿತ್ತು. ಎಲ್ಲವೂ ತಲೆ ಮೇಲೆತ್ತಿ ಸೆಟೆದು ನಿಂತಿದ್ದವು. ಬೆರಳಲ್ಲಿ ಮುಟ್ಟಿದೆ, ಅಲುಗಲಿಲ್ಲ. ಮದರ್ ಸುಪೀರಿಯರ್ ಕೂಡ ಇಲ್ಲ.

ಬೆಳಿಗ್ಗೆ ಸ್ನಾನವಾದ ಮೇಲೆ, ಎಷ್ಟೋ ದಿನದ ನಂತರ, ನಾನು ಮುಖಕ್ಕೆ ಒಂದಿಷ್ಟು ಪೌಡರ್ ಹಾಕಿಕೊಂಡಿದ್ದೆ. ಅದರಿಂದಲೇ ಎಲ್ಲ ಸತ್ತುಹೋದವು, ನಾನೇ ಕೊಂದೆ ಎಂದು ಜೀವ ಹಾರಿತು. ತಟ್ಟೆಯನ್ನು ಎದೆಗವಚಿಕೊಂಡು ಓಡಿದೆ. ಒಂದು ಚಪ್ಪಲಿ ಹೊಸ್ತಿಲಲ್ಲೇ ಉಳಿಯಿತು, ಇನ್ನೊಂದು ನಾರಾಯಣಪ್ಪನ ಅಂಗಡಿಯ ಮುಂದೆ. ಯಾವ ಹುಡುಗಿ ಬೀದಿಯಲ್ಲಿ ಜೋರಾಗಿ ಮಾತಾಡುವುದೂ ವಲ್ಗರ್ ಎಂದು ಕಲಿತಿದ್ದಳೋ ಆಕೆ, ಬಿಸಿಲಲ್ಲಿ ಬರಿಗಾಲಲ್ಲಿ, "ಪಿಳ್ಳಮ್ಮಾ, ಬದುಕಿಸಿ, ಹೇಗಾದ್ರೂ ಬದುಕಿಸಿ" ಎಂದು ಕಿರುಚುತ್ತ ಬೀದಿಯ ಈ ತುದಿಯಿಂದ ಆ ತುದಿಗೆ ಓಡಿದಳು.

ಪಿಳ್ಳಮ್ಮ ಹುಳದ ಮನೆಯಿಂದ ಹೊರಬಂದು ನನ್ನ ಕೈಕಾಲು ಮುಖ ತೊಳೆಸಿ ಒಳಗೆ ಕರೆದುಕೊಂಡರು. ತಟ್ಟೆಯೊಳಗೆ ಬಗ್ಗಿ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಅಯ್ಯೋ ನಿನ್ನ! ಜ್ವರಕ್ಕೆ ಕೂತವೆ ಕಣೇ! ಜ್ವರದಲ್ಲಿ ಇರೋವನ್ನ ಹಿಂಗೆ ಮೆರವಣಿಗೆ ಮಾಡ್ಕೊಂಡು ಬಂದ್ಯಾ?"

ರೇಷ್ಮೆ ಹುಳ ಚರ್ಮ ಬಿಡುವ ಮುಂಚೆ ಒಂದು ದಿನ ತಿನ್ನದೆ, ಅಲುಗದೆ, ತಲೆಯೆತ್ತಿ ಕೂರುತ್ತದೆ. ಅದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ. ಹೀಗೆ ನಾಲ್ಕು ಸಲ. ಆಗ ಮುಟ್ಟಬಾರದು, ಸೊಪ್ಪು ಹಾಕಬಾರದು, ಸುಮ್ಮನೆ ಕಾಯಬೇಕು. ಹಳೆಯ ಚರ್ಮ ಕಳಚಿದ ಮೇಲೆ ಅವೇ ಎದ್ದು ಮೊದಲಿಗಿಂತ ಹೆಚ್ಚು ತಿನ್ನುತ್ತವೆ. ಶಿಡ್ಲಘಟ್ಟದಲ್ಲಿ ಹುಟ್ಟಿದ ಕೂಸಿಗೂ ಇದು ಗೊತ್ತು. ಹಾಗಾಗಿ ನನಗೆ ಹೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

"ಸತ್ತಿಲ್ವಾ?"

"ನಾಳೆ ಹೊತ್ತಿಗೆ ಎದ್ದು ನಿನ್ನ ಪ್ರಾಣ ತಿಂತವೆ, ಸೊಪ್ಪು ಸೊಪ್ಪು ಅಂತ. ಅಳ್ಬೇಡ. ಮೂಗು ಒರೆಸ್ಕೋ. ತಟ್ಟೆ ಮೇಲೆ ಬಿದ್ದೀತು."

ಅಷ್ಟರಲ್ಲಿ ಹೊರಗೆ ಯಾರೋ ಓಡಿಬಂದು ನಿಂತು ಏದುಸಿರು ಬಿಡುವುದು ಕೇಳಿಸಿತು. ಅಪ್ಪ ಊಟಕ್ಕೆ ಮನೆಗೆ ಬಂದಿದ್ದಾರೆ. ಬಾಗಿಲು ಹಾರು ಹೊಡೆದಿದೆ, ನಾನಿಲ್ಲ, ಹೊಸ್ತಿಲಲ್ಲಿ ಒಂದೇ ಚಪ್ಪಲಿ. ನನ್ನ ವಿಷಯವಾಗಿ ಅಮ್ಮ ಹೇಳಿದ್ದ ಮಾತನ್ನು ಐದು ದಿನದಿಂದ "ಹುಡುಗಾಟದ ಮಾತು" ಎಂದು ತಳ್ಳಿಹಾಕಿದ್ದವರಿಗೆ ಆ ಚಪ್ಪಲಿ ನೋಡಿದಾಗ ಏನನ್ನಿಸಿತೋ, ಬೀದಿಯವರು ಕೈ ತೋರಿಸಿದತ್ತ ಪೇಟ ಹಾರಿದ್ದೂ ತಿಳಿಯದೆ ಓಡಿಬಂದಿದ್ದಾರೆ.

ಹುಳದ ಮನೆಗೆ ಬಾಗಿಲಿನ ಬದಲು ಒದ್ದೆ ಗೋಣಿಯ ಪರದೆ. ಅದರ ಮೇಲೆ ಅಪ್ಪನ ನೆರಳು ಬಿತ್ತು. ಪಿಳ್ಳಮ್ಮ ಒಳಗಿನಿಂದಲೇ ಮೂಗರಳಿಸಿದರು.

"ಯಾರದು, ಶಿರಸ್ತೇದಾರ್ರಾ? ಅಲ್ಲೇ ನಿಂತ್ಕೊಳ್ಳಿ. ಸಿಗರೇಟು ವಾಸನೆ."

"ನನ್ನ ಮಗಳು... ಪಿಳ್ಳಮ್ಮ, ನನ್ನ ಮಗಳು ಎಲ್ಲಿ..."

"ಕೈಕಾಲು ತೊಳ್ಕೋಬೇಕು. ಬಾಯಿ ಮುಕ್ಕಳಿಸ್ಬೇಕು. ಆಮೇಲೆ ಮಗಳು."

ಹಂಡೆಯ ನೀರಿಗೆ ಚೆಂಬು ತಗುಲಿದ ಸದ್ದಾಯಿತು. ಚೆಂಬು ಕೆಳಗೆ ಬಿದ್ದ ಸದ್ದೂ ಆಯಿತು. ಆಮೇಲೆ ನೆರಳು ಪರದೆಯ ಆಚೆ ನೆಲದ ಮೇಲೆ ಕುಳಿತುಬಿಟ್ಟಿತು.

"ಮಗೂ," ಅಂದರು ಅಪ್ಪ. "ಒಳಗಿದೀಯಾ?"

"ಇದೀನಿ ಅಪ್ಪಾ."

ಗೋಣಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹದಿನೈದಿಪ್ಪತ್ತು ದಿನದಿಂದ ಮಾತು ಬಿಟ್ಟವರಿಗೆ ಎಲ್ಲಿಂದ ಶುರುಮಾಡಬೇಕೆಂದು ಹೊಳೆಯಲಿಲ್ಲವೆಂದು ಕಾಣುತ್ತದೆ. ಕೊನೆಗೆ, "ಹುಳ ಹೇಗಿದಾವೆ?" ಅಂದರು.

"ಜ್ವರ ಅಂತೆ. ನಾಳೆ ಏಳ್ತವಂತೆ."

"ಸರಿ. ಊಟ ಮಾಡಿದ್ಯಾ?"

"ಇಲ್ಲ."

"ನಾನೂ ಮಾಡಿಲ್ಲ. ಬಾ, ಹೋಗಣ."

ಪಿಳ್ಳಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಇಬ್ರಿಗೂ ಮಾತು ಬಂತಲ್ಲ, ಆಚೆ ಹೋಗಿ ಆಡ್ಕೊಳ್ಳಿ. ಇದು ಹುಳದ ಮನೆ, ಕಚೇರಿ ಅಲ್ಲ" ಎಂದು ನನ್ನನ್ನು ಹೊರಗೆ ತಳ್ಳಿದರು. ತಾವೂ ಬಂದು ಜಗಲಿಯ ಮೇಲೆ ನಿಂತು ಅಪ್ಪನಿಗೆ ಶುರುಮಾಡಿದರು. ಕೋಪ ಬಂದರೆ ಅವರಿಗೆ ತೆಲುಗು ಬರುತ್ತಿತ್ತು. "ಏಮಯ್ಯಾ, ಮಗಳು ಲೆಕ್ಕದಲ್ಲಿ ಫೇಲಾದ್ರೆ ಅಪ್ಪ ಮಾತಲ್ಲಿ ಫೇಲಾಗ್ಬೇಕಾ?" ಎಂದು ಶುರುವಾದದ್ದು, ಆಮೇಲೆ ಪೂರ್ತಿ ತೆಲುಗಿಗೆ ಹೋಗಿ, ನನಗೆ ಅರ್ಥವಾಗದೆ ಹೋಯಿತು. ತಾಲ್ಲೂಕಿನ ಶಿರಸ್ತೇದಾರರು ಒದ್ದೆ ಕಾಲಲ್ಲಿ, ಬರಿದಲೆಯಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡರು. ಮನೆಗೆ ಬರುವಾಗ ನನ್ನ ಎರಡನೆಯ ಚಪ್ಪಲಿಯನ್ನು ಅವರೇ ಕೈಯಲ್ಲಿ ಹಿಡಿದುಕೊಂಡಿದ್ದರು.

ಮರುದಿನದಿಂದ ಅಪ್ಪ ಕಚೇರಿಗೆ ಹೊರಡುವ ಮುಂಚೆ ಸೊಪ್ಪು ಹೆಚ್ಚಲು ಕೂರುತ್ತಿದ್ದರು. ಊಟಕ್ಕೆ ಮುಂಚಿನ ಸಿಗರೇಟು ಬಿಟ್ಟರು. ಹುಳವೆಲ್ಲ ಹಣ್ಣಾಗಿ, ಅಂದರೆ ತಿನ್ನುವುದು ನಿಲ್ಲಿಸಿ ನೂಲು ಬಿಡಲು ಸಿದ್ಧವಾಗಿ, ಬಿದಿರಿನ ಚಂದ್ರಿಕೆಯ ಸುರುಳಿಯಲ್ಲಿ ಗೂಡು ಕಟ್ಟಿದ ದಿನ ಮತ್ತೆ ಶುರುಮಾಡಿದರು, ಅದು ಬೇರೆ ಮಾತು. ಗೂಡುಗಳನ್ನು ಬಷೀರ್ ಸಾಹೇಬರ ಶೆಡ್ಡಿಗೆ ಒಯ್ದು ಬಿಸಿನೀರಿಗೆ ಹಾಕುತ್ತಾರೆಂದು ತಿಳಿದಾಗ ನಾನು ಪಿಳ್ಳಮ್ಮನ ಜೊತೆ ಜಗಳಕ್ಕೆ ನಿಂತೆ. ಇಷ್ಟೆಲ್ಲ ಬದುಕಿಸಿದ್ದು ಇದಕ್ಕಾ, ದಿಸ್ ಈಸ್ ಚೀಟಿಂಗ್ ಎಂದು ರೇಗಿದೆ. ಅವರು ನಕ್ಕು, "ಅದು ಹುಳದ ಕತೆ ಕಣೇ. ನಿನಗ್ಯಾರು ಹುಳ ಅಂದ್ರು?" ಅಂದರು.

ಹುಳ ಗೂಡು ಕಟ್ಟಿದ್ದರಿಂದ ನಾನು ಸರಿಹೋದೆ ಎಂದು ಬರೆದರೆ ಅದು ನಾನ್‌ಸೆನ್ಸ್. ಕೆಟ್ಟ ದಿನಗಳು ಆಮೇಲೂ ಬಂದವು. ಆದರೆ ಅವು ಬಂದಾಗ ಯಾರಿಗೆ ಹೇಳಬೇಕೆಂದು ಗೊತ್ತಿತ್ತು. ಲೇಡಿ ಡಾಕ್ಟರ ಗುರುವಾರಗಳು ಆರು ತಿಂಗಳು ನಡೆದವು. ಈಗ ಹೊತ್ತಲ್ಲದ ಹೊತ್ತಿನಲ್ಲೂ ಫೋನಿನಲ್ಲಿ ಕೇಳಿಸಿಕೊಳ್ಳುವವರು ಇದ್ದಾರಂತೆ, ಸರ್ಕಾರಿ ಆಸ್ಪತ್ರೆಗಳಲ್ಲೂ ಮನಸ್ಸಿನ ಡಾಕ್ಟರು ಸಿಗುತ್ತಾರಂತೆ. ಬಹಳ ಒಳ್ಳೆಯದು. ನಾಚಿಕೊಳ್ಳದೆ ಹೋಗಿ. ಪಕ್ಕದ ಮನೆಯವರು ಪೆನ್ನು ಹಂಚಿದರೆ ಒಳಗೆ ಹೋಗಿ ಕೇಳಿ. ಕೇಳಿದರೆ ಯೋಚನೆ ತಲೆಗೆ ಬರುತ್ತದೆಂದು ಅಮ್ಮ ಹೆದರಿದ್ದಳು. ನನಗಾದದ್ದು ಹೇಳುತ್ತೇನೆ, ಯೋಚನೆ ಮೊದಲೇ ಇತ್ತು. ಕೇಳಿದಾಗ ಅದಕ್ಕೆ ಹೊರಹೋಗಲು ಬಾಗಿಲು ಸಿಕ್ಕಿತು.

ಮರುವರ್ಷ ಹೇಗೋ ಪಾಸಾದೆ. ಡಾಕ್ಟರಾಗಲಿಲ್ಲ. ಗೌರಿಬಿದನೂರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರಾದೆ. ಅಪ್ಪನಿಗೂ ಬೇರೆ ಊರಿಗೆ ವರ್ಗವಾಯಿತು. ಅರವತ್ತರ ದಶಕದ ನಡುವಿನಲ್ಲಿ ಜಮೀಲಾಳ ಮದುವೆಗೆಂದು ತೊಂಡೇಬಾವಿ, ಚಿಕ್ಕಬಳ್ಳಾಪುರ ಎಂದು ಎರಡು ಬಸ್ಸು ಬದಲಿಸಿ ಶಿಡ್ಲಘಟ್ಟಕ್ಕೆ ಹೋದೆ. ಮದುವೆಯ ಮರುದಿನ ಬೆಳಿಗ್ಗೆ ಪಿಳ್ಳಮ್ಮನ ಜಗಲಿಯಲ್ಲಿ ಕೂತಿದ್ದೆವು. ಮಂಡಿ ನೋವಿಗೆ ಎಣ್ಣೆ ನೀವಿಕೊಳ್ಳುತ್ತಿದ್ದರು, ನಶ್ಯ ಡಾಕ್ಟರ ಮಾತಿಗೆ ನಿಂತಿತ್ತು, ನಾಲಿಗೆ ಯಾರ ಮಾತಿಗೂ ನಿಂತಿರಲಿಲ್ಲ. ನನಗೆ ಎಷ್ಟೋ ವರ್ಷದಿಂದ ಕೇಳಬೇಕೆಂದಿದ್ದ ಮಾತು ಅವತ್ತು ಬಾಯಿಗೆ ಬಂತು.

"ಪಿಳ್ಳಮ್ಮಾ, ಎಲ್ಲಾರನ್ನೂ ನೀವು ಕೇಳ್ತೀರಿ. ನಿಮಗೆ ಯಾವತ್ತಾದ್ರೂ ಅನ್ನಿಸಿತ್ತಾ?"

ಎಣ್ಣೆಯ ಕೈ ನಿಂತಿತು. "ಅಬ್ಬೋ! ನನ್ನನ್ನೇ ಕೇಳ್ತಾಳೆ ನೋಡು ಇವಳು!" ಎಂದು ನಕ್ಕರು.

"ಅನ್ನಿಸಿತ್ತು. ನಮ್ಮೆಜಮಾನ್ರು ಹೋಗಿ ಆರು ತಿಂಗಳಾಗಿತ್ತು. ನನಗೆ ಇಪ್ಪತ್ತೆರಡೋ ಏನೋ. ಸಾಕು ಅನ್ಕಂಡು ಎದ್ದು ಹೊರಟೆ. ನಡುಮನೆ ದಾಟ್ಬೇಕಾದ್ರೆ ನೋಡ್ತೀನಿ, ಹುಳ ಹಣ್ಣಾಗಿದಾವೆ. ತಟ್ಟೆ ಅಂಚು ಹತ್ತಿ ಕೆಳಕ್ಕೆ ಬೀಳ್ತಾ ಇದಾವೆ. ನಮ್ಮತ್ತೆ ತೋಟಕ್ಕೆ ಹೋಗಿದ್ರು, ಮನೇಲಿ ಯಾರೂ ಇಲ್ಲ, ಆರಿಸಿ ಚಂದ್ರಿಕೆಗೆ ಬಿಡೋಕೆ. ಇದೊಂದು ಮಾಡಿ ಹೋಗಣ ಅಂತ ಕೂತೆ. ಮುಗಿಯೋ ಹೊತ್ತಿಗೆ ಸಂಜೆ. ಹಸಿವು ಅಂದ್ರೆ ಹಸಿವು ಕಣೇ. ಎರಡು ಮುದ್ದೆ ತಿಂದೆ."

"ಆಮೇಲೆ?"

"ಆಮೇಲೇನು, ನಿದ್ದೆ ಬಂತು. ಬೆಳಿಗ್ಗೆ ನಮ್ಮತ್ತೆಗೆ ಹೇಳ್ದೆ, ಹಿಂಗಿಂಗೆ ಅನ್ನಿಸಿತ್ತು ಅಂತ. ಬಯ್ತಾರೇನೋ ಅನ್ಕಂಡಿದ್ದೆ. ಬಯ್ಲಿಲ್ಲ. ಪಕ್ಕದಲ್ಲಿ ಬಂದು ಕೂತ್ಕಂಡ್ರು. ಬಾಯಿ ಬಿಡ್ಲಿಲ್ಲ ಮಹಾತಾಯಿ, ಬರೀ ಕೂತಿದ್ರು. ಮಧ್ಯಾಹ್ನದ ತನಕ." ಮತ್ತೆ ಎಣ್ಣೆ ನೀವತೊಡಗಿದರು. "ಪೋನೀಲೇ, ಹೋಗ್ಲಿ ಬಿಡು. ನಿನ್ನ ಬಸ್ಸಿಗೆ ಹೊತ್ತಾಯ್ತು."

ಬೇಡವೆಂದರೂ ಕುಂಟುತ್ತ ಬಸ್ ಸ್ಟ್ಯಾಂಡಿನ ತನಕ ಬಂದರು. ಕಂಡಕ್ಟರನನ್ನು ಗದರಿಸಿ ಕಿಟಕಿ ಪಕ್ಕದ ಸೀಟು ಕೊಡಿಸಿದರು. ಬುತ್ತಿಯ ಗಂಟು ಕಿಟಕಿಯಿಂದ ನನ್ನ ಮಡಿಲಿಗೆ ಹಾಕಿ, "ಸ್ಕೂಲಲ್ಲಿ ಮಕ್ಕಳ ಮೇಲೆ ರೇಗ್ಬೇಡ" ಅಂದರು. ಬಸ್ಸು ಹೊರಟಾಗ ನಾನು ತಲೆ ಹೊರಗೆ ಹಾಕಿ ಕೈ ಬೀಸಿದೆ, ಅನ್‌ಲೇಡಿಲೈಕ್ ಆಗಿ, ಎರಡೂ ಕೈ.

ಪಿಳ್ಳಮ್ಮ ನನ್ನ ಕಡೆ ನೋಡುತ್ತಲೇ ಇರಲಿಲ್ಲ. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ತುದಿಯಲ್ಲಿ, ಕೈಯಲ್ಲಿ ಒಂದು ಚೀಲವೂ ಇಲ್ಲದೆ, ಬಂದ ಬಸ್ಸನ್ನೂ ಹತ್ತದೆ, ಯಾರೋ ಹರೆಯದ ಹೆಂಗಸು ಒಬ್ಬಳೇ ಕೂತಿದ್ದಳು. ಪಿಳ್ಳಮ್ಮ ಅವಳ ಹತ್ತಿರ ಹೋಗಿ, ನೋಯುವ ಮಂಡಿಯನ್ನು ಕೈಯಲ್ಲಿ ಹಿಡಿದು ನಿಧಾನವಾಗಿ ಮಡಿಸಿ, ಅವಳ ಪಕ್ಕದಲ್ಲಿ ಕೂತುಕೊಂಡರು. ಬಸ್ಸು ತಿರುಗಿತು.